ಕುರಿಮರಿಗೊಂದು ನ್ಯಾಯ, ಆಕಳ ಕರುವಿಗೊಂದು ನ್ಯಾಯವೇ?

ಸುರಪುರದಿಂದ ತಿಂಥಣಿಗೆ ಹೋಗುವ ದಾರಿಯಲ್ಲಿ ಮಲಕಮ್ಮನ ಮನೆ. ತಲೆತಲಾಂತರದಿಂದ ಕುರಿ ಸಾಕಿದ ಮನೆತನ. ನಿಜಾಮರ ಆಳ್ವಿಕೆ ಮುಗಿದು, ಈ ಸೀಮೆ ಕನ್ನಡ ನಾಡಿಗೆ ಸೇರಿದ ಹೊಸತರಲ್ಲಿ ಅವರಲ್ಲಿಗೆ ಮೊದಲ ಆಕಳು ಬಂತು. ಬಂದದ್ದೇ ತಡ, ಮಲಕಮ್ಮ ದನ ಸಾಕುತ್ತಿದ್ದ ಊರ ಗೌಡರ ಮನೆಯ ಪದ್ಧತಿಗಳನ್ನೆಲ್ಲ ಕಲಿತಳು. ಕಲಿಯಬಾರದ್ದನ್ನೂ ಕಲಿತಳು!

ಚಳಿಗಾಲದ ಒಂದು ನಸುಕಿನಲ್ಲಿ ಆಕಳು ಈಯಿತು. ಹೆಣ್ಣುಗರು. ಬಿಸಿಲು ಬಿದ್ದರೂ ಕರುವಿನ ಹಿಂದೆ ಬೀಳಬೇಕಾದ ಮಾಸು, ಅಂದರೆ ಕಸ, ಬಿದ್ದಿರಲಿಲ್ಲ. ಮಾಸು ಬೀಳದೆ ಹಾಲಿಗೆ ಬಿಡಬಾರದೆಂದು ಮಲಕಮ್ಮ ಕರುವನ್ನು ದೂರ ಕಟ್ಟಿದ್ದಳು. ಹುಟ್ಟಿದಾಗ ಎದ್ದು ನಿಲ್ಲಲು ಹೆಣಗಿದ್ದ ಕರು ಈಗ ಕುತ್ತಿಗೆ ಚೆಲ್ಲಿ ಮಲಗಿತ್ತು. ಕಿವಿ ತಣ್ಣಗಾಗಿತ್ತು, ಮೈ ನಡುಗುತ್ತಿತ್ತು.

“ಅತ್ತಿ, ಕರ ಕಣ್ಣ ಮುಚ್ಚಾಕತ್ತೈತಿ! ಹಾಲ ಕುಡಸೂಣ್ರಿ,” ಎಂದಳು ಸೊಸೆ ರೇಣಮ್ಮ.

“ಸುಮ್ಮಿರ. ಮಾಸ ಬೀಳೂಮಟ ಮೊಲಿ ಮುಟ್ಟಿದ್ರ ಆಕಳಿಗಿ ಕೇಡು. ಯಾರದೋ ಕಣ್ಣ ಬಿದ್ದೈತಿ. ನಿವಾಳಿಸಿ ಒಗದ್ರ ಏಳತೈತಿ.”

ನಿವಾಳಿಸಿದ್ದೂ ಆಯಿತು. ಕರು ಏಳಲಿಲ್ಲ. ಕರು ಸತ್ತರೆ ಆಕಳು ಹಾಲು ಕೊಡುವುದನ್ನೇ ಬಿಟ್ಟೀತು. ರೇಣಮ್ಮ ಅತ್ತೆಗೆ ಹೇಳದೆ ಹೊರಗೆ ಓಡಿ, ದನದ ದವಾಖಾನೆಗೆ ಹೊರಟಿದ್ದ ಕಂಪೌಂಡರ್ ಖಾಜಾಹುಸೇನನನ್ನು ದಾರಿಯಲ್ಲೇ ತಡೆದು ಕರೆತಂದಳು.

ಅವನು ಕರುವಿನ ಕಿವಿ ಮುಟ್ಟಿ, ಬಾಯೊಳಗೆ ಬೆರಳಿಟ್ಟು ನೋಡಿದ.

“ಇನ್ನೂ ಚೀಪತೈತಿ. ಜಲ್ದಿ ಮಾಡ್ರಿ! ಒಣ ಅರಿವಿಲೆ ಮೈ ತಿಕ್ರಿ, ಕಂಬಳಿ ಹೊಚ್ರಿ. ಯವ್ವಾ, ಇದಕ್ಕ ಯಾರ ಕಣ್ಣೂ ಬಿದ್ದಿಲ್ಲ. ರಕ್ತದಾಗಿನ ಸಕ್ಕರಿ ಇಳದೈತಿ.”

“ಹಾಲ ಕಾಣದ ಕರಕ್ಕ ಸಕ್ಕರಿ ಎಲ್ಲಿಂದ ಬರಬೇಕೋ ತಮ್ಮಾ?” ಮಲಕಮ್ಮ ಸಿಡುಕಿದಳು. ರೇಣಮ್ಮ ಆಗಲೇ ಕರುವಿನ ಮೈ ತಿಕ್ಕಿ ಕಂಬಳಿ ಹೊಚ್ಚತೊಡಗಿದ್ದಳು.

“ನಾನೂ ಅದನ್ನ ಕೇಳಾಕತ್ತೇನಿ! ಹೊಟ್ಯಾಗಿದ್ದಾಗ ಹೊಕ್ಕಳ ಬಳ್ಳ್ಯಾಗ ತಾಯಿ ಸಕ್ಕರಿ ಕಳಸತಿದ್ಲು. ಬಳ್ಳಿ ಹರೀತು, ಅದು ನಿಂತು ಹೋತು. ಮೈಯಾಗ ಹಾರ್ಮೋನು ಅಂತ ರಸ ಇರತಾವ. ಒಂದು ರಕ್ತದಾಗಿನ ಸಕ್ಕರಿನ ಮೈಗಿ ಹಂಚತೈತಿ. ಇನ್ನೊಂದು, ಕಡಿಮಿ ಬಿದ್ದಾಗ ಕೂಡಿಟ್ಟದ್ದನ್ನ ತಗದು ಕೊಡತೈತಿ. ಎಳೀ ಕರದ ಮೈಯಾಗ ಕೂಡಿಟ್ಟದ್ದ ಎಷ್ಟಿದ್ದೀತು? ಚಳಿಯಾಗ ಅದೂ ತೀರತೈತಿ. ಗಿಣ್ಣದ ಹಾಲಿನಾಗ ಸಕ್ಕರಿ, ಜಿಡ್ಡು, ರೋಗ ತಡಿಯೂ ಶಕ್ತಿ ಎಲ್ಲಾ ಐತಿ.”

“ಮತ್ತ ಮಾಸ?”

“ಕರ ಚೀಪಿದ್ರ ಆಕಳ ಮೈಯಾಗೂ ಒಂದು ಹಾರ್ಮೋನು ಏಳತೈತಿ. ಮಾಸ ಬೀಳಾಕ ಅನುಕೂಲನ ಆಗತೈತಿ. ಅದಿರ್ಲಿ, ಅಡವ್ಯಾಗ ಕುರಿ ಈದ್ರ ಏನ ಮಾಡ್ತಿ ಯವ್ವಾ?”

“ಮರಿ ಬಾಯಾಗ ಮೊಲಿ ಇಡ್ತೀನಿ. ಅದನ್ನೇನ ಕೇಳ್ತಿ?”

“ಮಾಸ ಬೀಳೂಮಟ ಕಾಯ್ತೀಯೇನ?”

ಮಲಕಮ್ಮ ಆಯುಷ್ಯವೆಲ್ಲ ಕುರಿ ಈಯಿಸಿದವಳು, ಒಮ್ಮೆಯೂ ಹಾಗೆ ಕಾದವಳಲ್ಲ. ಎದ್ದು ಹೋಗಿ ತಾನೇ ಗಿಣ್ಣದ ಹಾಲು ಕರೆದಳು. ಬೆರಳು ಅದ್ದಿ ಕರುವಿನ ಬಾಯಿಗಿಟ್ಟಳು.

“ಬಾಯಾಗ ಸುರೀಬ್ಯಾಡ ಯವ್ವಾ, ಉಸರಿನ ಕೊಳವಿಗಿ ಹೋಗತೈತಿ. ತಾನ ಚೀಪಲಿ.”

ಕರು ಚೀಪಿತು, ಚೀಪುವುದನ್ನು ನಿಲ್ಲಿಸಿತು. ಮಲಕಮ್ಮ ಮತ್ತೆ ಬೆರಳು ಅದ್ದಿ ಇಟ್ಟಳು. ಮತ್ತೆ ಚೀಪಿತು. ತುಸು ತುಸುವೇ ಹಾಲು ಒಳಗಿಳಿಯಿತು. ಬಿಸಿಲೇರುವ ಹೊತ್ತಿಗೆ ಕಿವಿ ಬೆಚ್ಚಗಾಯಿತು. ಕರು ಎದ್ದಿತು, ಬಿದ್ದಿತು, ಮತ್ತೆ ಎದ್ದು ತಾಯಿಯ ಕೆಚ್ಚಲಿಗೆ ಮೂತಿ ಹಾಕಿತು. ಮಲಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಮಂದಿ ಮಾತ ಕೇಳಿ ನನಗ ಗೊತ್ತಿದ್ದದ್ದನ್ನ ಮರತೆ. ರೇಣಿ, ಇನ್ನೊಮ್ಮಿ ನಾ ಬ್ಯಾಡಂದ್ರೂ ಕೇಳಬ್ಯಾಡ. ಕುಡಸು.”

ಅಕ್ಕಗಳಿರಾ, ಅಣ್ಣಗಳಿರಾ, ಈ ಕರು ಉಳಿಯಿತು. ನಿಮ್ಮ ಕೊಟ್ಟಿಗೆಯಲ್ಲಿ ಹುಟ್ಟುವ ಕರುವನ್ನು ಒರೆಸಿ, ಬೆಚ್ಚಗಿಟ್ಟು, ಮೊದಲ ತಾಸಿನಲ್ಲೇ ಗಿಣ್ಣದ ಹಾಲು ಕುಡಿಸಿರಿ. ಚೀಪಲಾರದಷ್ಟು ಸೋತಿದ್ದರೆ ಬಾಯಿಗೆ ಏನನ್ನೂ ಸುರಿಯದೆ ದನದ ಡಾಕ್ಟರರನ್ನು ಕರೆಯಿರಿ. ಮಾಸು ಬೀಳುವುದು ತಡವಾದರೆ ಅದಕ್ಕೂ ಅವರಿದ್ದಾರೆ. ಹಸಿದ ಕರುವಿಗೆ ಕಾಯುವಷ್ಟು ಹೊತ್ತಿಲ್ಲ.