ಅಚ್ಚಿಗೆ ಸರಿಯಾದ ಕಾಲು

"ಕಚ್ಚುತ್ತೆ ಅಂದ್ರೆ? ಅದಕ್ಕೇನು ಹಲ್ಲಿದೆಯಾ?" ಎಂದು ಬೂಟು ಹೊಲಿಯುವ ಮುದುಕ ಕನ್ನಡಕವನ್ನು ಹಣೆಗೇರಿಸಿದ. ಹೋದ ವಾರವಷ್ಟೇ ಒಯ್ದಿದ್ದ ಹೊಸ ಬೂಟುಗಳನ್ನು ಅಂಚೆಯವನು ಮೇಜಿನ ಮೇಲಿಟ್ಟು, ಹಳೆಯ ಚಪ್ಪಲಿಯಲ್ಲೇ ಕಾಲು ಚಾಚಿ ಕೂತಿದ್ದ.

ಮುದುಕ ಎದ್ದ. ಏಳುವುದೂ ಈಗ ಒಂದು ಕೆಲಸವೇ. ಗೋಡೆಯುದ್ದದ ಹಲಗೆಗಳ ಮೇಲೆ ಮರದ ಪಾದಗಳು ಜೋಡಿ ಜೋಡಿಯಾಗಿ ನಿಂತಿದ್ದವು. ಗಿರಾಕಿ ಮೊದಲ ಸಲ ಬಂದಾಗ ಅಳತೆ ತೆಗೆದು, ಮರದಲ್ಲಿ ಅವನ ಕಾಲಿನ ಅಚ್ಚು ಕೆತ್ತಿಟ್ಟರೆ ಮುಗಿಯಿತು. ಆಮೇಲೆ ಆ ಮನುಷ್ಯ ಎಷ್ಟು ಸಲ ಬಂದರೂ ಮುದುಕ ಅವನ ಮುಖ ನೋಡುತ್ತಿದ್ದನೇ ಹೊರತು ಕಾಲು ನೋಡುತ್ತಿರಲಿಲ್ಲ. ಅದಕ್ಕೇ ಬೀದಿಯವರು ಅವನಿಗೆ ಅಚ್ಚಿನಪ್ಪ ಎಂದು ಹೆಸರಿಟ್ಟಿದ್ದರು. ಹೆಸರು ಅವನಿಗೆ ಇಷ್ಟವೇ ಆಗಿತ್ತು. ಮಾತು ಕೊಟ್ಟರೆ ಕೊಟ್ಟ ಹಾಗೆ, ಅಳತೆ ತೆಗೆದರೆ ತೆಗೆದ ಹಾಗೆ.

ಅಂಚೆಯವನ ಅಚ್ಚನ್ನು ಇಳಿಸಿ ಬೂಟಿನೊಳಗೆ ತೂರಿಸಿದ. ಉಗುರು ಹೋಗದಷ್ಟು ಬಿಗಿಯಾಗಿ ಕೂತಿತು.

"ನೋಡಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ."

"ಅಚ್ಚಿಗೆ ಸರಿಯಾಗೇ ಇದೆ ಯಜಮಾನ್ರೇ. ಆದ್ರೆ ಕಾಗದ ಹಂಚೋಕೆ ಹೋಗೋದು ಅಚ್ಚಲ್ಲ, ನಾನು." ಅಂಚೆಯವನು ಮೂಲೆಯತ್ತ ತಿರುಗಿದ. "ನೀವಾದ್ರೂ ಹೇಳಿ ಅಕ್ಕಾ. ಬೇರೆ ಕಡೆ ಹಾಸಿಗೆ ಇದ್ದಷ್ಟು ಕಾಲು ಚಾಚಿದ್ರೆ ಸಾಕು. ಇಲ್ಲಿ ಅಚ್ಚಿರೋಷ್ಟೇ ಕಾಲು ಇಟ್ಕೋಬೇಕು."

ಮೂಲೆಯಲ್ಲಿ ತೊಗಲಿನ ಅಂಚು ಹೊಲಿಯುತ್ತಿದ್ದ ಮುದುಕನ ಹೆಂಡತಿ ದಾರವನ್ನು ಹಲ್ಲಿನಿಂದ ಕಡಿದಳು. ನಕ್ಕು, ಸೂಜಿಗೆ ಮತ್ತೆ ದಾರ ಪೋಣಿಸಿದಳು.

"ಬೂಟು ಇಲ್ಲೇ ಇರ್ಲಿ. ನಾಳೆ ಬರ್ತೀನಿ. ಆಗಲ್ಲ ಅಂದ್ರೆ ಹೇಳ್ಬಿಡಿ, ಆಚೆ ಬೀದೀಲಿ ಸಿದ್ಧ ಬೂಟು ತಗೋತೀನಿ," ಎಂದು ಅಂಚೆಯವನು ಹೊರಟ. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಮುದುಕನಿಗೆ ಸುಲಭವಾಗುತ್ತಿತ್ತು. ಹೀಗೇ ಹೇಳಿ ಹೋದವರ ಅಚ್ಚುಗಳ ಮೇಲೆ ಧೂಳು ಕೂತಿತ್ತು.

"ಏ ಇವಳೇ, ನಿನ್ನ ಬೂಟು ನಿನಗೆ ಸರಿಯಾಗೇ ಇದೆ ಅಲ್ವಾ? ಮದುವೆ ವರ್ಷದ ಅಚ್ಚು. ಒಂದು ದಿನವಾದ್ರೂ ಕಚ್ಚಿದೆಯಾ?"

"ಸರಿಯಾಗೇ ಇದೆ," ಎಂದು ಆಕೆ ನೀರು ಕುಡಿಯಲು ಎದ್ದಳು, ಬರಿಗಾಲಿನಲ್ಲೇ. ಈಚೆಗೆ ಗೋಡೆ ಹಿಡಿದು ನಡೆಯುತ್ತಾಳೆ. ಮಂಡಿನೋವೆಂದು ಅವನೇ ಎಣ್ಣೆ ತಂದುಕೊಟ್ಟಿದ್ದ.

ಅವಳ ಬೂಟುಗಳು ಮೇಜಿನ ಕೆಳಗೇ ಉಳಿದಿದ್ದವು. ಏಕೋ ಒಂದನ್ನು ಎತ್ತಿ ಒಳಗೆ ಬೆರಳು ಹಾಕಿದ. ಹೆಬ್ಬೆರಳಿನ ಗೆಣ್ಣು ತಾಗುವ ಕಡೆ ಒಳತೊಗಲನ್ನು ಸೀಳಿ, ಮೆತ್ತನೆಯ ಬಟ್ಟೆ ಕೊಟ್ಟು ಹೊಲಿದ ಗುರುತಿತ್ತು. ಹೊರಗಿನಿಂದ ಏನೂ ಕಾಣದು. ಅಷ್ಟು ಸಣ್ಣ ಹೊಲಿಗೆ ಹಾಕುವ ಕೈ ಆ ಅಂಗಡಿಯಲ್ಲಿ ಒಂದೇ ಇತ್ತು.

"ಯಾವಾಗಿಂದ?"

ಆಕೆ ಲೋಟ ಕೆಳಗಿಟ್ಟಳು. "ಚಿಕ್ಕ ಮಗಳು ಹುಟ್ಟಿದ ಮೇಲೆ. ಪ್ರತಿ ಹೊಸ ಜೋಡಿಗೂ ಹೀಗೇ ಮಾಡ್ಕೋತೀನಿ."

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ದೆ. ಅಚ್ಚು ಸುಳ್ಳು ಹೇಳಲ್ಲ ಅಂದ್ರಿ. ಆಮೇಲೆ ಹೇಳೋದಕ್ಕಿಂತ ಹೊಲ್ಕೊಳ್ಳೋದೇ ಸಲೀಸು ಅನ್ನಿಸ್ತು."

ಮುದುಕ ನೆಲದ ಮೇಲೆ ಹಾಳೆ ಹಾಸಿದ. "ಕಾಲಿಡು."

"ಈಗ್ಯಾಕ್ರೀ? ಇನ್ನೆಷ್ಟು ದೂರ ನಡೀಬೇಕು ನಾನು."

"ಇಡು ಅಂದೆ."

ಅವನ ಭುಜ ಹಿಡಿದು ಕಾಲಿಟ್ಟಳು. ಪೆನ್ಸಿಲ್ಲು ಗೆಣ್ಣಿನ ಬಳಿ ಬಂದಾಗ ಪಾದ ಹಿಂದಕ್ಕೆ ಸರಿಯಿತು. ಅವನು ಕಾದು, ಮತ್ತೆ ಗೆರೆ ಎಳೆದ. ಗೆರೆಯೊಳಗೆ ಅವಳ ಹಳೆಯ ಅಚ್ಚಿಟ್ಟು ನೋಡಿದರೆ ಒಂದು ಕಡೆ ಗೆರೆ ಹೊರಗೆ ಉಬ್ಬಿ ನಿಂತಿತ್ತು.

"ಬೇರೆ ಕೆತ್ತಬೇಕು," ಎಂದು ತನ್ನ ಕೈಗಳನ್ನು ನೋಡಿಕೊಂಡ. ಉಳಿ ಹಿಡಿದರೆ ನಡುಗುವ ಕೈ.

"ಎಲ್ಲಾನೂ ಯಾಕೆ ಬಿಸಾಕ್ತೀರಿ? ಹಿಮ್ಮಡಿ ಇನ್ನೂ ನಂದೇ ಅಲ್ವಾ?"

ಅವನು ತೊಗಲಿನ ತುಂಡೊಂದನ್ನು ಕತ್ತರಿಸಿ, ಅಂಚು ತೆಳ್ಳಗೆ ಹೆರೆದು, ಮರದ ಪಾದದ ಗೆಣ್ಣಿಗೆ ಅಂಟಿಸಿ ದಾರ ಸುತ್ತಿದ. ನುಣುಪು ಮರಕ್ಕೆ ಬಾವು ಬಂದ ಹಾಗೆ ಕಂಡಿತು.

ಆಮೇಲೆ ಅಂಚೆಯವನ ಅಚ್ಚನ್ನು ಕೈಗೆತ್ತಿಕೊಂಡು, ಎಲ್ಲಿ ಅಂಟಿಸಬೇಕೆಂದು ತಿರುಗಿಸಿ ತಿರುಗಿಸಿ ನೋಡಿದ. ತಿಳಿಯಲಿಲ್ಲ. ನಾಳೆಗೆಂದು ಗಿರಾಕಿ ಕೂರುವ ಸ್ಟೂಲಿನ ಮುಂದೆ ಹೊಸ ಹಾಳೆ ಹಾಸಿದ. ಬಾಗಿಲ ಗಾಳಿಗೆ ಅದು ಏಳತೊಡಗಿತು. ಗಂಡನ ದೊಡ್ಡ ಚಪ್ಪಲಿ ಮೆಟ್ಟಿ ಎಳೆದೆಳೆದು ನಡೆಯುತ್ತ ಬಂದ ಹೆಂಡತಿ, ತನ್ನ ಹಳೆಯ ಬೂಟನ್ನು ಹಾಳೆಯ ಮೂಲೆಯ ಮೇಲಿಟ್ಟಳು.