ಬುಧವಾರದ ಗೈರು

ಎಂಟನೇ ತರಗತಿಯ ಗೋಡೆಗೆ ಅಂಟಿಸಿದ್ದ ನಕ್ಷೆಯೆಂದರೆ ರಾಜಶೇಖರ ಮೇಷ್ಟ್ರಿಗೆ ಪ್ರಾಣ. ಬಿಳಿ ಡ್ರಾಯಿಂಗ್ ಹಾಳೆಯ ಮೇಲೆ ಒಂದು ಕೆಂಪು ಗೆರೆ ವಾರದಿಂದ ವಾರಕ್ಕೆ ಮೇಲೇರುತ್ತಿತ್ತು. ಮೊದಲ ವಾರ ಗಣಿತದಲ್ಲಿ ತರಗತಿಯ ಸರಾಸರಿ ಇಪ್ಪತ್ತೈದಕ್ಕೆ ಹದಿಮೂರು. ಎಂಟನೆಯ ವಾರದ ಹೊತ್ತಿಗೆ ಹದಿನೇಳು. ಬೆಳಿಗ್ಗೆ ಅರಸೀಕೆರೆಯಿಂದ ಬಸ್ಸಿನಲ್ಲಿ ಬಂದು ಇಳಿದವರು ಕೈಯಲ್ಲಿದ್ದ ಊಟದ ಡಬ್ಬಿಯನ್ನು ಇಡುವ ಮೊದಲೇ ಹೋಗಿ ಆ ಗೆರೆಯನ್ನೊಮ್ಮೆ ನೋಡುತ್ತಿದ್ದರು.

ಸಿದ್ದರಕಟ್ಟೆಯ ಶಾಲೆ ಇರುವುದು ಬಾಣಾವರಕ್ಕೂ ಹಳೇಬೀಡಿಗೂ ನಡುವೆ, ಬಸ್ಸು ಕೈಯೊಡ್ಡಿದರೆ ಮಾತ್ರ ನಿಲ್ಲುವ ಕಡೆ. ಹೈಸ್ಕೂಲಿನಲ್ಲಿ ಮಕ್ಕಳು ಗಣಿತಕ್ಕೆ ನಪಾಸಾಗುತ್ತಿದ್ದಾರೆ, ಆದ್ದರಿಂದ ಹಿರಿಯ ಪ್ರಾಥಮಿಕ ತರಗತಿಗಳಲ್ಲೇ ವಾರಕ್ಕೊಂದು ಕಿರುಪರೀಕ್ಷೆ ನಡೆಸಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಆದೇಶ ಹೊರಡಿಸುವವರಿಗೇನು, ಹೊರಡಿಸಿ ಕಾಫಿ ಕುಡಿಯುತ್ತಾರೆ. ಬುಧವಾರ ಬೆಳಗಾದರೆ ಹೊಟ್ಟೆನೋವು ಎಂದು ಅಳುವ ಮಕ್ಕಳನ್ನು ನೋಡಬೇಕಾದವರು ಮೇಷ್ಟ್ರು. ಅದನ್ನು ನೋಡಲಾರದೆಯೇ ಅವರು ಜೋಡಿ ಪದ್ಧತಿ ತಂದದ್ದು. ಮೂವತ್ತು ಮಕ್ಕಳಿಗೆ ಹದಿನೈದು ಜೋಡಿ. ಚುರುಕಿನವರ ಪಕ್ಕದಲ್ಲಿ ಹಿಂದುಳಿದವರು. ಇಬ್ಬರ ಅಂಕವನ್ನೂ ಕೂಡಿಸಿ ಎರಡರಿಂದ ಭಾಗಿಸಿ, ಬಂದದ್ದನ್ನು ಇಬ್ಬರಿಗೂ ಬರೆಯುವುದು. ಆಗ ಬಲ್ಲವರು ಬಾರದವರಿಗೆ ಹೇಳಿಕೊಟ್ಟೇ ಕೊಡುತ್ತಾರೆ ಎಂಬುದು ಅವರ ಲೆಕ್ಕ. ಜೋಡಿಯಲ್ಲಿ ಒಬ್ಬರು ಶಾಲೆಗೆ ಬಾರದಿದ್ದರೆ ಇನ್ನೊಬ್ಬರ ಅಂಕ ಅವರಿಗೇ ಪೂರ್ತಿ, ಬಾರದವರದು ಲೆಕ್ಕಕ್ಕಿಲ್ಲ. ಒಬ್ಬರ ತಪ್ಪಿಗೆ ಇನ್ನೊಬ್ಬರಿಗೇಕೆ ಶಿಕ್ಷೆ ಎಂದು ಧರ್ಮವಾಗಿ ಯೋಚಿಸಿಯೇ ಆ ನಿಯಮ ಮಾಡಿದ್ದರು.

ಮೇಷ್ಟ್ರು ಒಳ್ಳೆಯವರು. ಇದ್ದ ಒಂದೇ ಚಟ ಗಾದೆ ಹೇಳುವುದು. ತಪ್ಪು ಮಾಡಿದವರಿಗೂ ಒಂದು, ಸರಿ ಮಾಡಿದವರಿಗೂ ಒಂದು. ಮಕ್ಕಳು ನಗುತ್ತಿದ್ದರು, ಪಾಠ ಮುಂದಕ್ಕೆ ಹೋಗುತ್ತಿತ್ತು.

ನಕ್ಷೆಯ ಸುದ್ದಿ ಹಾಸನ ಮುಟ್ಟಿ, ಮುಂದಿನ ವಾರದ ಗುರುವಾರ ಜಿಲ್ಲೆಯ ಅಧಿಕಾರಿಗಳು ನೋಡಲು ಬರುವುದೆಂದು ಗೊತ್ತಾಯಿತು. ಅವರಿಗೆ ಹಿಡಿಸಿದರೆ ಜೋಡಿ ಪದ್ಧತಿ ತಾಲ್ಲೂಕಿನ ಎಲ್ಲ ಶಾಲೆಗಳಿಗೂ ಬರುತ್ತದೆ, ತರಬೇತಿ ಕೊಡುವವರು ರಾಜಶೇಖರ ಮೇಷ್ಟ್ರೇ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾರೂ ಅವರನ್ನು ಏನನ್ನೂ ಕೇಳಿರಲಿಲ್ಲ. ಅವರಿಗೆ ಆಸೆಯಾಗಿತ್ತು, ಅದರಲ್ಲಿ ತಪ್ಪೇನೂ ಇಲ್ಲ.

ಮುಖ್ಯೋಪಾಧ್ಯಾಯಿನಿ ಶಾಂತಾದೇವಿಯವರು ಎಚ್ಚರದ ಹೆಂಗಸು. ಸಾಹೇಬರು ಹಾಜರಾತಿಯನ್ನೂ ಕೇಳುತ್ತಾರೆ, ಅದನ್ನೂ ಒಂದು ಹಾಳೆಯಲ್ಲಿ ಬರೆದಿಡಿ ಎಂದರು. ಮೇಷ್ಟ್ರು ಮಂಗಳವಾರ ಸಂಜೆ ಅಂಕಪಟ್ಟಿ ಬಿಡಿಸಿಕೊಂಡು ಕುಳಿತರು. ಪ್ರತಿಮಾಳ ಜೋಡಿಯಾದ ನಯನಾ ಎಂಬ ಹುಡುಗಿಯ ಹೆಸರಿನ ಮುಂದೆ ಮೊದಲ ವಾರ ಮಾತ್ರ ಅಂಕವಿತ್ತು, ಆಮೇಲೆ ಆರು ವಾರವೂ ಗೈರು. ಇನ್ನೂ ನಾಲ್ಕು ಮಕ್ಕಳದ್ದು ಹೆಚ್ಚುಕಡಿಮೆ ಇದೇ ಕಥೆ. ಐವರೂ ಜೋಡಿಯಲ್ಲಿ ಹಿಂದುಳಿದವರೇ. ಐವರೂ ಮಧ್ಯಾಹ್ನದ ಪಾಠದಲ್ಲಿ ಇದ್ದೇ ಇರುತ್ತಿದ್ದರು. ಪರೀಕ್ಷೆಗೆ ಹೆದರಿ ತಪ್ಪಿಸಿಕೊಳ್ಳುತ್ತಿವೆ ಕಳ್ಳಮುಂಡೇವು ಎಂದುಕೊಂಡರು.

ಮರುದಿನ ಬೆಳಿಗ್ಗೆ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದು, ನೋಡಿಕೊಳ್ಳಲು ಪಕ್ಕದ ತರಗತಿಯ ನಟರಾಜ್ ಮೇಷ್ಟ್ರನ್ನು ಕೂರಿಸಿ, ಹುಡುಗಿ ಎಲ್ಲಿ ಹೋಗುತ್ತಾಳೆಂದು ಹುಡುಕಲು ಹೊರಟರು. ದೂರವೇನೂ ಹೋಗಬೇಕಾಗಲಿಲ್ಲ. ಬಿಸಿಯೂಟದ ಅಡುಗೆಮನೆಯ ಬಾಗಿಲಲ್ಲಿ ಒಂದು ಜೊತೆ ಸಣ್ಣ ಚಪ್ಪಲಿ ಇದ್ದವು. ಒಳಗೆ ಅಕ್ಕಿಮೂಟೆಯ ಮೇಲೆ ನಯನಾ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು.

ಮೇಷ್ಟ್ರ ಸಿಟ್ಟು ಮೊದಲು ಅಡುಗೆಯ ಬೋರಮ್ಮನ ಮೇಲೆ ಹೋಯಿತು. ಮಕ್ಕಳ ಕೈಯಲ್ಲಿ ಕೆಲಸ ಮಾಡಿಸುತ್ತೀಯಾ ಎಂದು ಗದರಿದರು. ಬೋರಮ್ಮ ಹುರುಳಿಕಾಯಿ ಸೋಸುವುದನ್ನು ನಿಲ್ಲಿಸಲಿಲ್ಲ.

"ಒಂದು ಬೆಳ್ಳುಳ್ಳಿನೂ ಬಿಡಿಸ್ಸಿಲ್ಲ ಕಣ್ರೀ ಮೇಷ್ಟ್ರೇ. ಬುಧವಾರ ಬಂದ್ರೆ ಬತ್ತದೆ, ಕೂತ್ಕತ್ತದೆ, ಬೆಲ್ ಹೊಡುದ್ ಮೇಲೆ ಎದ್ದೋಯ್ತದೆ. ನೀವೇ ಕೇಳಿ ಯಾಕೆ ಅಂತ. ನಾನ್ ಹೇಳುದ್ರೆ ಅಡ್ಗೆಯೋಳಿಗೆ ಯಾಕೆ ಅಂತೀರಾ."

ಮೇಷ್ಟ್ರು ಹುಡುಗಿಯ ಕಡೆ ತಿರುಗಿ, ಹೆದರಿಕೆಯೇನೇ ಎಂದು ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಮತ್ತೆ?

"ನಾನು ಬರುದ್ರೆ ಏಳು ಬತ್ತೈತೆ ಸಾರ್. ಪ್ರತಿಮಾಂದು ಇಪ್ಪತ್ಮೂರು. ಕೂಡ್ಸಿ ಎರಡ್ರಿಂದ ಭಾಗ್ಸುದ್ರೆ ಹದಿನೈದು. ನಾನು ಬರೀದಿದ್ರೆ ಅವಳ್ದು ಇಪ್ಪತ್ಮೂರು ಇಪ್ಪತ್ಮೂರೇ."

ಸರಾಸರಿಯ ಲೆಕ್ಕ ಈ ಹುಡುಗಿಗೆ ಜನ್ಮದಲ್ಲಿ ಬರುವುದಿಲ್ಲವೆಂದು ಹಿಂದಿನ ವಾರವಷ್ಟೇ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಹೇಳಿದ್ದರು. ಪ್ರತಿಮಾ ಹೀಗೆ ಮಾಡು ಎಂದಳೇ ಎಂದು ಕೇಳಿದರು. ಇಲ್ಲ, ನನಗೆ ಹೊಟ್ಟೆನೋವು ಎಂದು ಅವಳಿಗೆ ಹೇಳಿದ್ದೀನಿ ಎಂದಳು. ಪ್ರತಿಮಾಳ ಅಮ್ಮ ಏನಾದರೂ ಅಂದರೇ? ಇಲ್ಲ. ಹಾಗಾದರೆ ಯಾರು ಹೇಳಿಕೊಟ್ಟರು ಎಂದು ಮೇಷ್ಟ್ರು ದನಿ ಏರಿಸಿದರು.

"ನೀವೇ ಸಾರ್," ಎಂದಳು ನಯನಾ. "ಮೊದಲ್ನೇ ವಾರ ಮಾರ್ಕ್ಸ್ ಓದ್ವಾಗ ಅಂದ್ರಲ್ಲ, ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತ. ಎಲ್ರೂ ನಕ್ರು. ಪ್ರತಿಮಾ ಮಾತ್ರ ನಗ್ನಿಲ್ಲ."

ಅವಳ ಮಾತಿನಲ್ಲಿ ದೂರು ಇರಲಿಲ್ಲ, ಪಾಠ ಒಪ್ಪಿಸುವವರ ಹಾಗೆ ಹೇಳಿದಳು. ಮೇಷ್ಟ್ರಿಗೆ ಆ ದಿನ ಆ ಗಾದೆ ಹೇಳಿದ್ದು ನೆನಪೇ ಇರಲಿಲ್ಲ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಆಡಿದವರು ಅಲ್ಲೇ ಮರೆತರು, ಹುಡುಗಿ ಮಾತ್ರ ಅದನ್ನು ಏಳು ಬುಧವಾರ ಹೊತ್ತುಕೊಂಡು ಬಂದು ಅಕ್ಕಿಮೂಟೆಯ ಮೇಲೆ ಕೂತಿದ್ದಳು. ಅವರಿಗೆ ನಾಚಿಕೆಯಾಯಿತು.

ಆಮೇಲೆ ಹೊಳೆದದ್ದು ಇನ್ನೂ ಕಹಿ. ಹಿಂದುಳಿದ ಐವರೂ ಪಟ್ಟಿಯಿಂದ ಹೊರಗುಳಿದರೆ ತರಗತಿಯ ಸರಾಸರಿ ಏರದೆ ಇನ್ನೇನಾಗುತ್ತದೆ? ಇಪ್ಪತ್ತೆರಡು ವರ್ಷ ಗಣಿತ ಹೇಳಿದವರಿಗೆ ಅಷ್ಟು ತಿಳಿಯಲಿಲ್ಲ. ಗೆರೆಯನ್ನು ಮೇಲೆತ್ತಿದ್ದರಲ್ಲಿ ಅರ್ಧದಷ್ಟು ಜೋಡಿ ಪದ್ಧತಿಯಲ್ಲ, ಬೋರಮ್ಮನ ಅಡುಗೆಮನೆ.

ಶಾಂತಾದೇವಿಯವರಿಗೆ ಎಲ್ಲವನ್ನೂ ಹೇಳಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಒಂದು ವಾರ ತಡೆಯಿರಿ, ಸಾಹೇಬರು ಬಂದುಹೋಗಲಿ, ಆಮೇಲೆ ಏನು ಬೇಕಾದರೂ ಬದಲಾಯಿಸಿಕೊಳ್ಳಿ ಎಂದರು. ಅದೂ ನ್ಯಾಯವೆಂದೇ ಮೇಷ್ಟ್ರಿಗೆ ತೋರಿತು. ಅರಸೀಕೆರೆಯ ಬಸ್ಸಿನಲ್ಲಿ ಕೂತು, ಬಾಣಾವರ ದಾಟುವವರೆಗೂ ಹೌದು, ಒಂದೇ ವಾರ ತಾನೇ ಎಂದುಕೊಳ್ಳುತ್ತಿದ್ದರು. ಆದರೆ ಆ ಒಂದು ವಾರದೊಳಗೂ ಒಂದು ಬುಧವಾರವಿತ್ತು.

ಮರುದಿನ ತರಗತಿಯಲ್ಲಿ ಅಂಕ ಕೂಡಿಸಿ ಭಾಗಿಸುವುದನ್ನು ನಿಲ್ಲಿಸಿದ್ದೇನೆ ಎಂದರು. ಪಕ್ಕದಲ್ಲಿ ಕೂತು ಹೇಳಿಕೊಡುವುದು ಇರುತ್ತದೆ, ಯಾರ ಅಂಕ ಅವರಿಗೆ, ಹೋಲಿಸುವುದಿದ್ದರೆ ಅವರವರದೇ ಹಿಂದಿನ ವಾರದ ಅಂಕದ ಜೊತೆ. ಆಮೇಲೆ, ಮೊದಲ ವಾರ ನಾನೊಂದು ಗಾದೆ ಹೇಳಿದ್ದೆ, ಹೇಳಬಾರದಿತ್ತು, ತಪ್ಪಾಯಿತು ಎಂದರು. ಮಕ್ಕಳಿಗೆ ಮೇಷ್ಟ್ರು ತಪ್ಪಾಯಿತು ಎನ್ನುವುದನ್ನು ಕೇಳಿ ಅಭ್ಯಾಸವಿಲ್ಲ. ಯಾರೂ ನಗಲಿಲ್ಲ. ಪ್ರತಿಮಾ ಬೆಂಚಿನ ಮೇಲೆ ಸ್ವಲ್ಪ ಜರುಗಿ ನಯನಾಳಿಗೆ ಇನ್ನಷ್ಟು ಜಾಗ ಮಾಡಿದಳು.

ಬುಧವಾರ ಬಂತು. ಅಡುಗೆಮನೆಯ ಬಾಗಿಲಲ್ಲಿ ಬೋರಮ್ಮನ ಚಪ್ಪಲಿ ಮಾತ್ರ ಇದ್ದವು. ನಯನಾ ಕೊನೆಯವರೆಗೂ ಕೂತು ಬರೆದಳು, ಒಂಬತ್ತು ಬಂತು. ಮೂವತ್ತು ಮಕ್ಕಳ ಸರಾಸರಿ ಹದಿನೈದು. ಮೇಷ್ಟ್ರು ಸ್ಕೇಲು ಇಟ್ಟು ಕೆಂಪು ಗೆರೆಯನ್ನು ಹದಿನೇಳರಿಂದ ಹದಿನೈದಕ್ಕೆ ಎಳೆದು ಇಳಿಸಿದರು.

ಗುರುವಾರ ಹನ್ನೊಂದು ಗಂಟೆಗೆ ಅಧಿಕಾರಿಗಳು ಬಂದರು. ಸೌಮ್ಯ ಸ್ವಭಾವದ ಮನುಷ್ಯ, ನಕ್ಷೆಯ ಮುಂದೆ ನಿಂತು ಗೆರೆಯ ಮೇಲೆ ಬೆರಳಾಡಿಸುತ್ತಾ ಬಂದರು. ಬೆರಳು ಕೊನೆಗೆ ಬಂದು ನಿಂತಿತು. ಎಂಟು ವಾರ ಇಷ್ಟು ಚೆನ್ನಾಗಿ ಬಂದು ಈ ವಾರ ಯಾಕೆ ಹೀಗೆ ಬಿತ್ತು ಎಂದು ಕೇಳಿದರು. ಬಾಗಿಲಲ್ಲಿದ್ದ ಶಾಂತಾದೇವಿಯವರು ನೆಲ ನೋಡಿದರು. ಮೂರನೆಯ ಬೆಂಚಿನಲ್ಲಿ ನಯನಾ ಮೇಷ್ಟ್ರನ್ನೇ ನೋಡುತ್ತಿದ್ದಳು.

"ಈ ವಾರ ಎಲ್ಲರೂ ಬಂದಿದ್ರು ಸಾರ್," ಎಂದರು ರಾಜಶೇಖರ ಮೇಷ್ಟ್ರು.