ಹನ್ನೊಂದನೆಯ ಗುಂಡಿ

ಗಾಜಿನ ಕಪಾಟಿನೊಳಗೆ ಸಾಲಾಗಿ ಕೂತ ಮೌಸುಗಳು ಹಗಲೆಲ್ಲ ಕೆಂಪು, ಹಸಿರು, ನೀಲಿ ಬೆಳಕು ಕಾರುತ್ತಿದ್ದವು. ಅವುಗಳ ಹಿಂದೆ ನಿಂತು ನಾನು ಬಂದವರನ್ನೆಲ್ಲ ಮನಸ್ಸಿನಲ್ಲೇ ತೂಗಿ, ಹಗುರವೆಂದು ಕೆಳಗಿಡುತ್ತಿದ್ದೆ. ಕಂಪ್ಯೂಟರ್ ಸಾಮಾನು ಮಾರುವ ಆ ಅಂಗಡಿಗೆ ಸೇರಿದಾಗ ನನಗೆ ಇಪ್ಪತ್ತಾರು. ಓದಿದ ಓದಿಗೆ ತಕ್ಕ ಕೆಲಸ ಸಿಗಲಿಲ್ಲವೆಂಬ ಸಿಟ್ಟನ್ನು ಗಿರಾಕಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಬಾಯಿಬಿಟ್ಟು ಯಾರನ್ನೂ ಬೈದವನಲ್ಲ. ಆದರೆ ಚಾರ್ಜರಿಗೂ ಕೇಬಲ್ಲಿಗೂ ವ್ಯತ್ಯಾಸ ತಿಳಿಯದವರು, ಬೆಳಕು ಹೆಚ್ಚಿದ್ದರೆ ಮಾಲು ಒಳ್ಳೆಯದೆಂದು ನಂಬುವವರು, ಗುಂಡು ಹಾರಿಸುವ ಆಟಕ್ಕೆ ಮೌಸು ಆರಿಸುತ್ತ ಇಡೀ ಮಧ್ಯಾಹ್ನ ಕಳೆಯುವ ಕಾಲೇಜು ಹುಡುಗರು, ಎಲ್ಲರೂ ನನಗೆ ಒಂದೇ ಅಚ್ಚಿನ ಮೂರ್ಖರಾಗಿ ಕಾಣುತ್ತಿದ್ದರು.

ದೇವೀರಮ್ಮ ಬಂದದ್ದು ಅಂಥದೊಂದು ಮಧ್ಯಾಹ್ನ. ಐವತ್ತೈದು ದಾಟಿದ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದರು, ಒಲೆಯ ಮೇಲೆ ಏನನ್ನೋ ಇಟ್ಟು ಓಡಿಬಂದವರ ಹಾಗೆ. ಕೈಯಲ್ಲಿ ನಾಲ್ಕಾಗಿ ಮಡಿಸಿದ ಚೀಟಿ.

"ಪಕ್ಕದಲ್ಲಿ ಹನ್ನೆರಡು ಗುಂಡಿ ಇರೋ ಮೌಸು ಬೇಕಪ್ಪ," ಎಂದರು. "ಒಂದೊಂದು ಗುಂಡೀನೂ ನಾವು ಹೇಳ್ಕೊಟ್ಟಂಗೆ ಕೆಲಸ ಮಾಡ್ಬೇಕಂತೆ. ಗಟ್ಟಿ ಇರ್ಬೇಕು. ದಿನಾ ಒತ್ತೋದೇ ಒತ್ತೋದು."

ನನಗೆ ನಗು ತಡೆಯಲಿಲ್ಲ. "ಅದು ಆಟ ಆಡೋರ ಮೌಸು ಕಣಮ್ಮ. ಯಾವ ಆಟ ಆಡ್ತೀರಿ ನೀವು?"

"ಆಟ ನಮ್ಮ ಯಜಮಾನ್ರದ್ದು. ನಾನು ನೋಡೋಳು ಅಷ್ಟೆ."

ಕಾಲು ಚಾಚಿ ಕುಳಿತು ದಿನವಿಡೀ ಪರದೆಯ ಮೇಲೆ ರಾಕ್ಷಸರನ್ನು ಕೊಲ್ಲುವ ಮುದುಕನೊಬ್ಬ, ಅವನ ಹುಚ್ಚಿಗೆ ಸಾಮಾನು ಹುಡುಕುತ್ತ ಬಿಸಿಲಿನಲ್ಲಿ ಅಲೆಯುವ ಈ ಹೆಂಗಸು. ನನ್ನ ಕಲ್ಪನೆ ಅಲ್ಲಿಗೇ ನಿಂತಿತು. ಕಪಾಟಿನಿಂದ ಮೂರು ಮೌಸು ತೆಗೆದಿಟ್ಟೆ. ಆಕೆ ಒಂದೊಂದನ್ನೂ ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಹನ್ನೆರಡು ಗುಂಡಿಗಳನ್ನೂ ಒತ್ತಿ ನೋಡಿದರು. ಗುಂಡಿಯಿಂದ ಗುಂಡಿಗೆ ಬೆರಳು ತಡವುವ ಅಂತರವನ್ನು ಲೆಕ್ಕ ಹಾಕುತ್ತಿದ್ದಂತಿತ್ತು. ನಾನು ಆಕಳಿಸಿದೆ.

"ಇದ್ರಲ್ಲಿ ಬಾಳಿಕೆ ಬರೋದು ಯಾವ್ದಪ್ಪ?"

ಬಾಳಿಕೆ ಬರುವುದು ಆ ಮೂರರಲ್ಲಿ ಇರಲೇ ಇಲ್ಲ. ಅದು ಕೆಳಗಿನ ಅರೆಯಲ್ಲಿತ್ತು. ಕಪ್ಪಗೆ, ಭಾರವಾಗಿ, ಒಂದು ಚೂರೂ ಬೆಳಕಿಲ್ಲದ್ದು. ಪ್ರತಿ ಗುಂಡಿಯೂ ಬೆರಳಿಗೆ ಬೇರೆಯಾಗಿ ತಿಳಿಯುವಂತೆ ಒಂದಿಷ್ಟು ಓರೆ ಕೊಟ್ಟು ಮಾಡಿದ್ದು. ಬಗ್ಗಿ ತೆಗೆಯಬೇಕಿತ್ತು, ಧೂಳು ಒರೆಸಬೇಕಿತ್ತು. ಮುದುಕನ ಚಟಕ್ಕೆ ಅಷ್ಟೆಲ್ಲ ಯಾಕೆ ಎನಿಸಿತು. ಮಿಣಮಿಣ ಹೊಳೆಯುತ್ತಿದ್ದ ಒಂದನ್ನು ಮುಂದೆ ನೂಕಿ, "ಇದು ಐದು ವರ್ಷ ಬರುತ್ತೆ, ಕಣ್ಮುಚ್ಚಿ ತಗೊಳ್ಳಿ," ಎಂದೆ. ಹಿಂದಿನ ತಿಂಗಳು ಅದೇ ಸರಕಿನ ನಾಲ್ಕು ಮೌಸು ಕೆಟ್ಟು ವಾಪಸು ಬಂದಿದ್ದು ನನಗೆ ಚೆನ್ನಾಗಿ ಗೊತ್ತಿತ್ತು.

ಮೂರು ವಾರಕ್ಕೆ ದೇವೀರಮ್ಮ ಮತ್ತೆ ಬಂದರು. ಮೌಸು ತಂದಿರಲಿಲ್ಲ.

"ಏಳನೇ ಗುಂಡಿ ಸತ್ತೋಗೈತೆ. ಇನ್ನು ಕೆಲವು ಒಂದು ಸಲ ಒತ್ತಿದ್ರೆ ಎರಡೆರಡು ಸಲ ಹೇಳ್ತವೆ."

"ಗುದ್ದಿರ್ಬೇಕು ನಿಮ್ಮ ಯಜಮಾನ್ರು. ಆಟದ ಆವೇಶದಲ್ಲಿ ಎಲ್ರೂ ಹಂಗೇ. ಅಲ್ಲ, ಬದಲಾಯಿಸ್ಕೊಳ್ಳೋಕೆ ಬಂದೋರು ಅದನ್ನ ತರೋದು ಬೇಡ್ವಾ?"

"ತಂದ್ರೆ ಅವರ ಬಾಯಿ ಕಟ್ಟಿದಂಗಾಗುತ್ತೆ. ನೀನೇ ಬಂದು ನೋಡಪ್ಪ, ಗುದ್ದೋಷ್ಟು ಶಕ್ತಿ ಐತಾ ಅಂತ."

ಆ ಮಾತು ನನಗೆ ಅರ್ಥವಾಗಲಿಲ್ಲ. ಅಂಗಡಿಯ ಯಜಮಾನರು ಕೇಳಿಸಿಕೊಂಡು, "ಹೋಗಿ ನೋಡ್ಕೊಂಡ್ ಬಾರಯ್ಯ," ಎಂದರು. ಗೊಣಗುತ್ತ ಹೊರಟೆ.

ಎರಡು ಕೋಣೆಯ ಮನೆ. ಕಿಟಕಿಗೆ ಹಳೆಯ ಸೀರೆ ಕಟ್ಟಿ ಬಿಸಿಲು ತಡೆದಿದ್ದರಿಂದ ಒಳಗೆ ಮಬ್ಬು. ಆ ಮಬ್ಬಿನಲ್ಲಿ ನನಗೆ ಮೊದಲು ಕಂಡದ್ದು ನಾನೇ ಮಾರಿದ ಬೆಳಕು: ಕೆಂಪು, ಹಸಿರು, ನೀಲಿ. ಅದು ಮಂಚದ ಮೇಲೆ, ಒಂದು ಒಣಗಿದ ಕೈಯ ಕೆಳಗೆ ಮಿನುಗುತ್ತಿತ್ತು. ಕೈಯ ಒಡೆಯ ಮಲಗಿದ್ದ. ದೊಡ್ಡ ಎಲುಬಿನ ಆಳು, ಮೈ ಮರದಂತೆ ಸೆಟೆದಿತ್ತು. ಚಲಿಸುತ್ತಿದ್ದದ್ದು ಎರಡು ಕಣ್ಣು, ಒಂದು ಹೆಬ್ಬೆರಳು. ಮೌಸಿನ ತಂತಿ ಪಕ್ಕದ ಸ್ಟೂಲಿನ ಮೇಲಿದ್ದ ಹಳೆಯ ಲ್ಯಾಪ್‌ಟಾಪಿಗೆ ಸೇರಿತ್ತು.

ನನ್ನನ್ನು ಕಂಡದ್ದೇ ಹೆಬ್ಬೆರಳು ಒತ್ತಿತು. ಲ್ಯಾಪ್‌ಟಾಪಿನೊಳಗಿನಿಂದ ದೇವೀರಮ್ಮನ ದನಿ ಕೂಗಿತು: "ಕಸ, ಎತ್ತಾಕು! ಕಸ, ಎತ್ತಾಕು!"

"ಒಂದೇ ಸಲ ಹೇಳಿದ್ದು," ಎಂದರು ದೇವೀರಮ್ಮ. "ಗುಂಡಿ ಕೆಟ್ಟು ಎರಡು ಸಲ ಬಂತು."

ಆತನ ಹೆಸರು ಗವಿರಂಗಪ್ಪ. ಮಂಡಿಯಲ್ಲಿ ಮೂವತ್ತು ವರ್ಷ ಹರಾಜು ಕೂಗಿದವನು. ರೈತರು ಬಿಚ್ಚಿದ ಮೆಣಸಿನಕಾಯಿ ಚೀಲಕ್ಕೆ ಕೈ ಹಾಕಿ, ಮೂಸಿ, ಬೇಡವೆನಿಸಿದ್ದನ್ನು ಇದೇ ಮಾತಿನಿಂದ ಅತ್ತ ತಳ್ಳಿಸುತ್ತಿದ್ದನಂತೆ. ಆ ದನಿ ಮಂಡಿಯ ಆಚೆಗಿನ ಬಸ್ ನಿಲ್ದಾಣಕ್ಕೂ ಕೇಳುತ್ತಿತ್ತಂತೆ. ಒಂದು ಬೆಳಿಗ್ಗೆ ಕೂಗುತ್ತಿದ್ದಂತೆಯೇ ಕುಸಿದ. ಲಕ್ವ ಹೊಡೆದು ಮಾತು ಹೋಯಿತು. ಹೆಬ್ಬೆರಳು ಉಳಿದಿದೆಯೆಂದು ಕಂಡ ಆಸ್ಪತ್ರೆಯ ಹುಡುಗಿಯೊಬ್ಬಳು ಈ ಉಪಾಯ ಬರೆದುಕೊಟ್ಟಿದ್ದಳು: ಹನ್ನೆರಡು ಗುಂಡಿ, ಹನ್ನೆರಡು ಮಾತು. ಯಾವ ಮಾತು ಬೇಕೆಂದು ಆತ ಅಕ್ಷರದ ಹಲಗೆ ನೋಡಿ ಕಣ್ಣು ಮಿಟುಕಿಸಿ ಆರಿಸಿದ. ದೇವೀರಮ್ಮ ದನಿ ಕೊಟ್ಟರು.

"ಏಳನೇದು ಯಾವ ಮಾತು?" ಎಂದು ಕೇಳಿದೆ.

"ಮಗ್ಗಲು ತಿರುಗಿಸು ಅಂತ." ಆಕೆ ಗಂಡನ ಬೆನ್ನನ್ನು ಸ್ವಲ್ಪವೇ ಎತ್ತಿ ತೋರಿಸಿದರು. ಅಂಗೈಯಗಲ ಚರ್ಮ ಕಿತ್ತು ಕೆಂಪಗಾಗಿತ್ತು. "ನಾನು ಹೊತ್ತೊತ್ತಿಗೆ ತಿರುಗಿಸ್ತಿದ್ದೆ, ಅದು ಸಾಲ್ದು. ನಾಲ್ಕು ದಿನ ಒತ್ತವ್ರೆ, ಮಾತೇ ಬಂದಿಲ್ಲ. ಬೇಡ ಏನೋ ಅಂದ್ಕಂಡು ನಾನು ಸುಮ್ಕಿದ್ದೆ."

ಕೆಳಗಿನ ಅರೆಗೆ ಬಗ್ಗಲು ಬೇಸರಪಟ್ಟ ನನ್ನ ಬೆನ್ನು ನೆನಪಾಯಿತು. ಅಷ್ಟು ದಿನ ಊರಿನವರ ಮೇಲೆಲ್ಲ ಹಂಚಿದ್ದ ತಾತ್ಸಾರ ಒಟ್ಟಾಗಿ ಬಂದು ನನ್ನ ಮೇಲೇ ಕುಳಿತಂತಾಯಿತು. ಸೈಕಲ್ ತುಳಿದುಕೊಂಡು ಅಂಗಡಿಗೆ ಹೋಗಿ ಆ ಕಪ್ಪು ಮೌಸನ್ನು ತಂದೆ. ಹಳೆಯದರ ಬದಲಿಗೆ ಇದು ಎಂದಷ್ಟೇ ಹೇಳಿದೆ. ಮೊದಲ ದಿನ ಸುಳ್ಳು ಹೇಳಿದೆನೆಂದು ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ.

ಮಾತುಗಳನ್ನು ಹೊಸ ಗುಂಡಿಗಳಿಗೆ ಒಂದೊಂದಾಗಿ ಜೋಡಿಸುತ್ತ ಹೋದೆ. ನೀರು ಬೇಕು. ಫ್ಯಾನು ಹಾಕು. ಫ್ಯಾನು ಆರಿಸು. ನೋವು. ಎಲ್ಲ ದೇವೀರಮ್ಮನ ದಣಿದ ದನಿಯಲ್ಲಿ. ಹನ್ನೊಂದನೆಯದನ್ನು ಕೇಳಿಸಿದಾಗ ಕೈ ನಿಂತಿತು. "ಉಳಿಕೆ ಮಾಲು," ಎಂದಿತು ಆಕೆಯದೇ ದನಿ.

ಆಕೆ ನನ್ನನ್ನು ಒಲೆಯ ಹತ್ತಿರಕ್ಕೆ ಕರೆದರು. "ಅದು ನಾನು," ಎಂದರು ಮೆಲ್ಲಗೆ. "ಮದುವೆ ಆಗೋದು ತಡ ಆಗಿತ್ತು ನಂದು. ಯಾರೂ ಕೂಗದೆ ಉಳಿದ ಮಾಲು ನೀನು ಅಂತ ಮೊದಲ್ನೇ ದಿನ ಅಂದ್ರು. ಮೂವತ್ತೆರಡು ವರ್ಷ ಅದೇ ಹೆಸರು. ಬಾಯಿ ಬಿದ್ದೋದಾಗ, ಬಿಡಪ್ಪ ಅದೊಂದಾದ್ರೂ ತಪ್ತು ಅಂದ್ಕಂಡೆ. ಆಮೇಲೆ ಕಣ್ಣು ಮಿಟುಕಿಸಿ ಮಿಟುಕಿಸಿ, ಒಂದೊಂದೇ ಅಕ್ಷರ ತೋರ್ಸಿ, ಅದನ್ನೇ ಬೇಕು ಅಂದ್ರು."

"ನೀವ್ಯಾಕೆ ಹೇಳೋಕೆ ಹೋದ್ರಿ?"

"ಕಾಯಿಲೆ ಮನುಷ್ಯ ಕೇಳ್ತಾ ಇದ್ರೆ ಇಲ್ಲ ಅನ್ನೋಕಾಯ್ತದಾ? ನನ್ನ ಬಾಯಿಂದ ನನ್ನನ್ನೇ ಬೈಸ್ಕೊಂಡೆ." ಸೌಟನ್ನು ಪಾತ್ರೆಯ ಅಂಚಿಗೆ ಬಡಿದು ಕೆಳಗಿಟ್ಟರು. "ಹೊಸದ್ರಲ್ಲಿ ಅದನ್ನ ಹಾಕ್ಬೇಡ."

"ಅಲ್ಲಿ ಇನ್ನೇನು ಹಾಕ್ಲಿ?"

"ಏನೂ ಬೇಡ. ಖಾಲಿ ಇರ್ಲಿ."

ದೇವೀರಮ್ಮನನ್ನು ನೆನೆಯುವಾಗ ಬಹುವಚನ ತಾನಾಗಿ ಬರುತ್ತದೆ. ಗವಿರಂಗಪ್ಪನಿಗೆ, ಅಷ್ಟು ನೋವು ಉಂಡವನೆಂದು ಗೊತ್ತಿದ್ದೂ, ಆ ಬಹುವಚನ ಕೊಡಲು ನನ್ನಿಂದ ಇಂದಿಗೂ ಆಗಿಲ್ಲ. ಮಾತು ಸತ್ತ ಮೇಲೆ ಹನ್ನೆರಡೇ ಹನ್ನೆರಡು ಮಾತು ವಾಪಸು ಸಿಕ್ಕಾಗ, ಅದರಲ್ಲೊಂದನ್ನು ಹೆಂಡತಿಯನ್ನು ಚುಚ್ಚಲು ಎತ್ತಿಟ್ಟುಕೊಂಡವನು ಅವನು.

ಕಪ್ಪು ಮೌಸನ್ನು ಅವನ ಕೈಯ ಕೆಳಗೆ ಇಟ್ಟೆ. ಹೆಬ್ಬೆರಳು ಎಲ್ಲ ಗುಂಡಿಗಳ ಮೇಲೆ ನಿಧಾನವಾಗಿ ಹರಿದಾಡಿತು. ಏಳನೆಯದನ್ನು ಒತ್ತಿದ, ದೇವೀರಮ್ಮ ಬಂದು ಮಗ್ಗಲು ತಿರುಗಿಸಿದರು. ಅವನ ಕಣ್ಣಿನಲ್ಲಿ ನೆಮ್ಮದಿ ಕಂಡಿತು. ಆ ನೆಮ್ಮದಿಯಲ್ಲೇ ಹನ್ನೊಂದನ್ನು ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಕಣ್ಣು ನನ್ನ ಕಡೆ ತಿರುಗಿತು. "ಕಸ, ಎತ್ತಾಕು!" ಎಂದ. ಈ ಬಾರಿ ಒಂದೇ ಸಲ ಬಂತು, ಸ್ಪಷ್ಟವಾಗಿ.

"ಆ ಹುಡುಗನ್ನ ಬೈಬೇಡಿ, ಬೇಡ ಅಂದೋಳು ನಾನು," ಎಂದರು ದೇವೀರಮ್ಮ, ಮಂಚದ ಕಾಲಬಳಿ ನಿಂತು. "ಜಾಗ ಖಾಲಿ ಐತೆ. ಬೇರೆ ಮಾತಿದ್ರೆ ತೋರ್ಸಿ, ಹೇಳ್ಕೊಡ್ತೀನಿ. ಅದೊಂದು ಮಾತ್ರ ಇನ್ನು ನನ್ನ ಬಾಯಲ್ಲಿ ಬರಲ್ಲ."

ಸುಮಾರು ಎರಡು ತಿಂಗಳ ಮೇಲೆ ಆಕೆ ಅಂಗಡಿಗೆ ಬಂದರು. ಮೌಸು ಗಟ್ಟಿಯಾಗಿದೆ ಎಂದರು. ಹನ್ನೊಂದಕ್ಕೆ ಮಾತು ಹಾಕಬೇಕು, ಬಾ ಎಂದರು. ಅದನ್ನು ಆರಿಸಲು ಗಂಡ ಮೂರು ದಿನ ತೆಗೆದುಕೊಂಡನಂತೆ. ಎರಡು ಸಲ ಅರ್ಧಕ್ಕೆ ಬಿಟ್ಟು, ಕಣ್ಣು ಮುಚ್ಚಿ ಮಲಗಿಬಿಟ್ಟನಂತೆ. ಏನು ಮಾತೆಂದು ದಾರಿಯಲ್ಲಿ ಕೇಳಿದೆ. ಆಕೆ ಹೇಳಲಿಲ್ಲ.

ಲ್ಯಾಪ್‌ಟಾಪಿನ ಮುಂದೆ ಕುಳಿತು ಗಂಟಲು ಸರಿಮಾಡಿಕೊಂಡರು. "ನಿಂದು ಊಟ ಆಯ್ತಾ?" ಎಂದರು. ತಾವೇ ಕೇಳಿ ನೋಡಿ ತಲೆಯಾಡಿಸಿದರು. "ಇಷ್ಟು ನಯವಾಗಿ ಅವ್ರು ಕೇಳೋರಲ್ಲ." ಎರಡನೆಯ ಸಲ ದನಿ ಒರಟು ಮಾಡಿ ಹೇಳಿದರು. ಅದನ್ನೇ ಉಳಿಸಿದೆ.

"ಮೂವತ್ತೆರಡು ವರ್ಷಕ್ಕೆ ಇದೊಂದು ಕೇಳೋಕೆ ಬಂತು," ಎಂದು ಹೊಸ್ತಿಲಲ್ಲಿ ನನಗೆ ಹೇಳಿದರು, ಒಳಗಿನವನಿಗೂ ಕೇಳುವಷ್ಟು ಗಟ್ಟಿಯಾಗಿ. "ಅದಕ್ಕೂ ಬಾಯಿ ನಂದೇ."

ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗೆ ಗುಂಡಿ ಒತ್ತಿದ ಸದ್ದಾಯಿತು. ನಿಂದು ಊಟ ಆಯ್ತಾ?

"ಇಲ್ಲ," ಎಂದರು ದೇವೀರಮ್ಮ, ತಿರುಗಿ ನೋಡದೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಪ್ರಶ್ನೆ ಬಂತು. ಆಕೆ ಗೋಡೆಯ ಹಲಗೆಯಿಂದ ಒಂದು ತಟ್ಟೆ ತೆಗೆದರು, ಸೆರಗಿನಿಂದ ಒರೆಸಿದರು, ಊಟ ಬಡಿಸಿಕೊಂಡರು, ಮಂಚದ ಪಕ್ಕ ನೆಲದ ಮೇಲೆ ಇಟ್ಟು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು.